ಟಪಾಲು ಬಸ್ಸಿಗಿಂತ ಮುಂಚೆ

ಮೊನ್ನೆ ಚಿಕ್ಕಮಗಳೂರಿನಲ್ಲಿ ಕಣ್ಣು ತೋರಿಸಿಕೊಂಡು ಬಸ್ಸಿನಲ್ಲಿ ಮೂಡಿಗೆರೆಗೆ ವಾಪಸು ಬರುತ್ತಿದ್ದೆ. ಹ್ಯಾಂಡ್‌ಪೋಸ್ಟಿನ ಹತ್ತಿರ, ಮೂಡಿಗೆರೆಗೆ ಮುಂಚಿನ ಏರಿನಲ್ಲಿ ಡ್ರೈವರು ಗೇರು ಬದಲಾಯಿಸಿದ. ಬಸ್ಸು ಗೊರಗೊರ ಅನ್ನುತ್ತ ಹತ್ತತೊಡಗಿತು. ಆ ಸದ್ದು ಕಿವಿಗೆ ಬಿದ್ದದ್ದೇ ನನ್ನ ಎರಡೂ ತೊಡೆಗಳು ತಾವಾಗಿಯೇ ಬಿಗಿದುಕೊಂಡವು. ಬೆನ್ನು ಸೀಟಿಗೆ ಒತ್ತಿಕೊಂಡಿತು, ಬಲಗಾಲು ಮುಂದಿನ ಸೀಟನ್ನು ಒದ್ದೇಬಿಟ್ಟಿತು. ಅಲ್ಲಿ ಕೂತಿದ್ದ ಹುಡುಗಿ ತಿರುಗಿ, "ಏನಾಯ್ತು ಅಜ್ಜಿ, ಕಾಲು ಹಿಡ್ಕಂತಾ?" ಅಂದಳು.

"ಇಲ್ಲ ಕಣೆ. ಹಿಂದಿಂದ ಬಸ್ಸು ಬಂದಂಗಾಯ್ತು" ಅಂದೆ.

ಬಸ್ಸಿನೊಳಗೇ ಕೂತು ಹಿಂದಿನಿಂದ ಬಸ್ಸು ಬಂತು ಅನ್ನುವ ಮುದುಕಿಯನ್ನು ಅವಳು ಒಂದು ಗಳಿಗೆ ನೋಡಿ, ನಕ್ಕು, ಆ ಕಡೆ ತಿರುಗಿದಳು. ನಾನು ಕಿಟಕಿಯಾಚೆ ನೋಡಿದೆ. ರಸ್ತೆಗೆ ಈಗ ಟಾರು ಬಂದಿದೆ, ಅಗಲವೂ ಆಗಿದೆ. ಏರು ಮಾತ್ರ ಅದೇ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಕಳಸದ ಕಡೆಯವಳಾದ ನನ್ನನ್ನು ದೇವರಮನೆ ದಾರಿಯ ಒಂದು ಕಾಫಿ ಎಸ್ಟೇಟಿಗೆ ಕೊಟ್ಟಿದ್ದರು. ನಮ್ಮವರ ಹೆಸರು ಮಂಜಪ್ಪ. ಎಸ್ಟೇಟಿನ ಟಪಾಲು ಅವರ ಕೆಲಸ. ಪ್ರತಿದಿನ ಮೂಡಿಗೆರೆಯ ಅಂಚೆ ಕಚೇರಿಗೆ ಹೋಗಿ, ಚರ್ಮದ ಬ್ಯಾಗಿನಲ್ಲಿ ಎಸ್ಟೇಟಿನ ಕಾಗದಪತ್ರ, ಎಸ್ಟೇಟಿನ ಬಿಳಿ ದೊರೆಗೆ ಸೀಮೆಯಿಂದ ಬರುವ ಪೇಪರು ಎಲ್ಲ ತುಂಬಿಸಿಕೊಂಡು ಮಧ್ಯಾಹ್ನದ ಊಟಕ್ಕೆ ಮುಂಚೆ ಬಂಗಲೆಗೆ ಮುಟ್ಟಿಸಬೇಕು. ಬೇರೆ ಎಸ್ಟೇಟುಗಳ ಟಪಾಲಿನವರಲ್ಲಿ ಹೆಚ್ಚಿನವರು ನಡೆದೇ ಬರುತ್ತಿದ್ದ ಕಾಲದಲ್ಲಿ ಇವರು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಹೋಗುತ್ತಿದ್ದರು ಅಂದರೆ ಹಾರುತ್ತಿದ್ದರು. ಕೊಯ್ಲು ಮುಗಿದ ಮೇಲೆ ಪ್ಲಾಂಟರುಗಳು ನಡೆಸುತ್ತಿದ್ದ ಆಟೋಟದಲ್ಲಿ ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸೈಕಲ್ ಓಟ ಇರುತ್ತಿತ್ತು. ಅದರಲ್ಲಿ ಗೆದ್ದವರಿಗೆ ಕೊಡುವ ಕಪ್ಪು ಎರಡು ವರ್ಷ ನಮ್ಮ ಮನೆಯ ಗೂಡಿನಲ್ಲೇ ಕೂತಿತ್ತು.

ಆ ವರ್ಷ ಆಷಾಢದ ಮಳೆಯಲ್ಲಿ, ದೊರೆಯ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋಗಿ ವಾಪಸು ಬರುವಾಗ, ಇವರು ಬಿದ್ದರು. ಮೂಡಿಗೆರೆಗೆ ಇಳಿಯುವ ಕೊನೆಯ ಇಳಿಜಾರಿನಲ್ಲಿ ಒಂದು ತಿರುವಿದೆ. ಅಲ್ಲಿ ಚಕ್ರ ಜಾರಿ, ಚರಂಡಿಯ ಕಲ್ಲಿನ ಮೇಲೆ ಸೊಂಟ ಊರಿ ಬಿದ್ದರು. ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದ ಮೇಲೆ ಡಾಕ್ಟರು ಹೇಳಿದರು: "ನಡೀಬಹುದು, ಸಣ್ಣಪುಟ್ಟ ಕೆಲಸ ಮಾಡಬಹುದು. ಸೈಕಲ್ ಸೀಟಿನ ಮೇಲೆ ಮಾತ್ರ ಇನ್ನು ಕೂರೋ ಹಾಗಿಲ್ಲ."

ಸೈಕಲ್ ಸೀಟಿರಲಿ, ಊಟದ ಮಣೆಯ ಮೇಲೆ ಕೂರಲೂ ಇವರಿಗೆ ಆಗುತ್ತಿರಲಿಲ್ಲ. ನಿಂತೇ ಉಣ್ಣುತ್ತಿದ್ದರು. ಟಪಾಲಿಗೆ ಕೂಲಿ ಲೈನಿನ ಒಬ್ಬ ಆಳನ್ನು ಕಳಿಸತೊಡಗಿದರು. ಅವನು ನಡೆದು ಹೋಗಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು, ದೊರೆ ಸಿಡುಕುತ್ತಿದ್ದ. ಕೊಯ್ಲು ಮುಗಿಯುವವರೆಗೆ ನೋಡುತ್ತೇನೆ, ಆಮೇಲೆ ಹೊಸಬನನ್ನು ಇಟ್ಟುಕೊಳ್ಳಬೇಕಾಗುತ್ತದೆ ಅಂತ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೈಲಿ ಹೇಳಿಕಳಿಸಿದ. ಕೆಲಸ ಹೋದರೆ ಕೆಲಸದ ಜೊತೆಗೆ ಕೊಟ್ಟಿದ್ದ ಮನೆಯೂ ಹೋಗುತ್ತದೆ. ನಾನು, ಇವರು, ಅತ್ತೆ ಮೂವರೂ ಎಲ್ಲಿಗೆ ಹೋಗುವುದು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಮೂಡಿಗೆರೆಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಇಬ್ರಾಹಿಂ ಸಾಹೇಬರು ಇವರ ಗೆಳೆಯರು. ಓಟಕ್ಕೆ ಇವರ ಸೈಕಲ್ಲನ್ನು ಸಿದ್ಧ ಮಾಡುತ್ತಿದ್ದವರು ಅವರೇ. ಮಳೆ ಸ್ವಲ್ಪ ಹೊಳವಾಗಿದ್ದ ಒಂದು ದಿನ ನೋಡಲು ಬಂದರು. ಬಂಗಲೆಯವರು ಹರಿದುಹೋಯಿತೆಂದು ಎಸೆದಿದ್ದ ಒಂದು ಕ್ಯಾನ್ವಾಸಿನ ಆರಾಮಕುರ್ಚಿಯನ್ನು ನಾನು ಹೊಲಿದು ಜಗಲಿಯಲ್ಲಿ ಹಾಕಿದ್ದೆ. ಇವರಿಗೆ ನೋವಿಲ್ಲದೆ ಇರಲು ಆಗುತ್ತಿದ್ದುದು ಅದರಲ್ಲಿ ಮಾತ್ರ. ಹಿಂದಕ್ಕೆ ಒರಗಿ, ಕಾಲು ಮುಂದಕ್ಕೆ ಚಾಚಿಕೊಂಡು, ಕಳೆದ ವರ್ಷದ ಓಟದ ಮಾತು ಆಡುತ್ತಿದ್ದವರು ಮಾತಿನ ಭರದಲ್ಲಿ ಎರಡೂ ಕಾಲನ್ನು ಗಾಳಿಯಲ್ಲಿ ತಿರುಗಿಸತೊಡಗಿದರು.

ಇಬ್ರಾಹಿಂ ಸಾಹೇಬರು ಕಾಫಿ ಲೋಟ ಕೆಳಗಿಟ್ಟರು. "ಮಂಜಪ್ಪ, ನೋಯ್ತಾ ಇದ್ಯಾ?"

"ಏನು?"

"ಕಾಲು ತಿರುಗಿಸ್ತಾ ಇದ್ದೀಯಲ್ಲ. ಸೊಂಟ ನೋಯ್ತಾ ಇದ್ಯಾ ಅಂದೆ."

ಇವರು ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದರು. "ಇಲ್ಲ ಮಾರಾಯ."

"ಹಂಗಾದ್ರೆ ಈ ಕುರ್ಚಿಗೇ ಚಕ್ರ ಹಾಕಣ" ಅಂದರು ಸಾಹೇಬರು. ನಗುತ್ತ ಹೇಳಿದರೇನೋ ಅಂತ ನೋಡಿದೆ. ಮುಖದಲ್ಲಿ ನಗು ಇರಲಿಲ್ಲ.

ದೀಪಾವಳಿಯ ಹೊತ್ತಿಗೆ ಆ ಗಾಡಿ ತಯಾರಾಯಿತು. ಹಳೆಯ ಸೈಕಲ್ಲೊಂದನ್ನು ಕತ್ತರಿಸಿ, ಮುರಿದ ಕಬ್ಬಿಣದ ಮಂಚದ ಪಟ್ಟಿಗಳನ್ನು ಹಿತ್ತಾಳೆ ಬೆಸುಗೆಯಲ್ಲಿ ಸೇರಿಸಿ ಉದ್ದ ಮಾಡಿದ್ದರು. ಹಿಂದೆ ದೊಡ್ಡ ಚಕ್ರ, ಮುಂದೆ ಚಿಕ್ಕದು. ಪೆಡಲುಗಳು ಚಿಕ್ಕ ಚಕ್ರಕ್ಕಿಂತಲೂ ಮುಂದೆ. ಎರಡು ಚೈನು ಜೋಡಿಸಿ ಹಿಂದಿನ ಚಕ್ರದವರೆಗೆ ಎಳೆದಿದ್ದರು. ನಡುವೆ ಒರಗುವ ಸೀಟು, ನೆಲದಿಂದ ಮೊಣಕಾಲೆತ್ತರಕ್ಕೆ. ಅದಕ್ಕೆ ಕ್ಯಾನ್ವಾಸನ್ನು ನಾನೇ ದಬ್ಬಳದಲ್ಲಿ ಹೊಲಿದುಕೊಟ್ಟೆ. ಹ್ಯಾಂಡಲನ್ನು ಎದೆಯ ಹತ್ತಿರಕ್ಕೆ ಬರುವಂತೆ ಉದ್ದ ಬಗ್ಗಿಸಿದ್ದರು.

ಅತ್ತೆ ಅದನ್ನು ನೋಡಿದ್ದೇ ಒಲೆ ಬಿಟ್ಟು ಹೊರಗೆ ಬಂದರು. "ಮಲಗ್ಕಂಡು ಕಾಲು ಮುಂದೆ ಮಾಡಿ ಮನುಷ್ಯ ರಸ್ತೆ ಮೇಲೆ ಹೋಗೋದು ಒಂದೇ ಸಲ ಕಣ್ರೋ. ಅದೂ ನಾಕು ಜನ ಹೊತ್ಕಂಡು. ತಗಂಡೋಗಿ ಇದನ್ನ!"

ತೆಗೆದುಕೊಂಡು ಹೋಗಲಿಲ್ಲ. ಆದರೆ ಅದನ್ನು ಓಡಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಇಬ್ರಾಹಿಂ ಸಾಹೇಬರು ಹತ್ತಿದರು, ಬಿದ್ದರು. ಮತ್ತೆ ಹತ್ತಿದರು, ಇನ್ನೊಂದು ಕಡೆಗೆ ಬಿದ್ದರು. ಅಷ್ಟು ವರ್ಷ ಸೈಕಲ್ ತುಳಿದ ಮೈ, ವಾಲಿದಾಗೆಲ್ಲ ಸೀಟಿನಿಂದ ಏಳಲು ನೋಡುತ್ತಿತ್ತು. ಇದರಲ್ಲಿ ಏಳಲು ಜಾಗವೇ ಇಲ್ಲ. ಇವರನ್ನು ಕೂರಿಸುವ ಧೈರ್ಯ ನಮಗಾಗಲಿಲ್ಲ. ಇನ್ನೊಂದು ಸಲ ಬಿದ್ದರೆ ಏನು ಗತಿ?

"ನಾನು ನೋಡ್ಲಾ?" ಅಂದೆ.

ನಾನು ಅಲ್ಲಿಯವರೆಗೆ ಯಾವ ಸೈಕಲ್ಲನ್ನೂ ಹತ್ತಿದವಳಲ್ಲ. ಬಹುಶಃ ಅದೇ ಒಳ್ಳೆಯದಾಯಿತು. ಮರೆಯಬೇಕಾದ್ದು ನನಗೆ ಏನೂ ಇರಲಿಲ್ಲ. ಕಚ್ಚೆ ಹಾಕಿ, ಮೇಲೆ ಇವರ ಹಳೆಯ ಶರ್ಟು ತೊಟ್ಟು ಒರಗಿ ಕೂತೆ. ಸಾಹೇಬರು ಹಿಂದಿನಿಂದ ಮೆಲ್ಲಗೆ ನೂಕಿದರು. ಮೊದಲ ದಿನ ನಾನೂ ಬಿದ್ದೆ, ಮೊಣಕೈ ತರಚಿಹೋಯಿತು. ಆದರೆ ಬೀಳುವುದು ಅಂದರೆ ಮಂಚದಿಂದ ಉರುಳಿದ ಹಾಗೆ, ಅಷ್ಟೇ. ಒಂದು ವಾರದಲ್ಲಿ ಕಣದ ಸುತ್ತ ಬರಲು ಕಲಿತೆ. ಮಲಗಿದಂತಿರುವ ನನ್ನ ಕಣ್ಣಿಗೆ ಕಾಣುತ್ತಿದ್ದುದು ನನ್ನದೇ ಪಾದಗಳು, ಅವುಗಳಾಚೆ ಸಿಲ್ವರ್ ಓಕ್ ಮರಗಳ ತುದಿ, ಆಕಾಶ. ನಾನು ನಕ್ಕಿದ್ದು ಆ ಮಳೆಗಾಲ ಶುರುವಾದ ಮೇಲೆ ಅದೇ ಮೊದಲು.

ಆಮೇಲೆ ನಾನೇ ಇವರಿಗೆ ಕಲಿಸಿದೆ. ನಾನು ಹಿಂದೆ ಹಿಡಿದುಕೊಂಡು ಓಡುವುದು, ಇವರು ತುಳಿಯುವುದು. ಕಲಿತ ಮೇಲೆ ಒಂದು ದಿನ ಇವರು ನೆಟ್ಟಗೆ ಬಂಗಲೆಗೆ ಹೋಗಿ, ಈ ಸೈಕಲ್ಲಿನಲ್ಲಿ ಟಪಾಲು ತರುತ್ತೇನೆಂದು ದೊರೆಗೆ ಹೇಳಿದರು. ದೊರೆ ಹೊರಗೆ ಬಂದು ಗಾಡಿಯನ್ನು ಸುತ್ತ ತಿರುಗಿ ನೋಡಿದ.

"ಮಂಜಪ್ಪ, ಇಂಥದ್ದು ಫ್ರಾನ್ಸ್ ದೇಶದಲ್ಲಿ ಉಂಟು. ಪೇಪರಿನಲ್ಲಿ ನೋಡಿದ್ದೇನೆ. ಅದನ್ನು ಓಟದಿಂದ ಹೊರಗೆ ಹಾಕಿದರು."

"ಸೋತು ಹೋಗೋ ಸೈಕಲ್ನ ಯಾರಾದ್ರೂ ಹೊರಗೆ ಹಾಕ್ತಾರಾ ಸರ್?" ಅಂದರು ಇವರು.

ದೊರೆ ಗಟ್ಟಿಯಾಗಿ ನಕ್ಕ. ಆಮೇಲೆ ಪೈಪು ಹಚ್ಚಿಕೊಂಡು ಯೋಚಿಸಿ ಹೇಳಿದ: ಈ ಸಲದ ಓಟದ ದಿನ ಈ ಮೆಷಿನ್ ಕೂಡ ಚಿಕ್ಕಮಗಳೂರಿನಿಂದ ಹೊರಡಲಿ. ಓಟ ಶುರುವಾಗಿ ಸ್ವಲ್ಪ ಹೊತ್ತಿಗೆ ಟಪಾಲು ಬಸ್ಸು ಅಲ್ಲಿಂದ ಬಿಡುತ್ತದೆ, ಊರೂರಿಗೂ ನಿಂತು ಚೀಲ ಇಳಿಸುತ್ತ ಬರುತ್ತದೆ. ಬಸ್ಸು ಮೂಡಿಗೆರೆ ಅಂಚೆ ಕಚೇರಿ ಮುಟ್ಟುವುದಕ್ಕೆ ಮುಂಚೆ ಈ ಮೆಷಿನ್ ಅಲ್ಲಿ ನಿಂತಿದ್ದರೆ ಕೆಲಸವೂ ಉಳಿಯುತ್ತದೆ, ಮನೆಯೂ ಉಳಿಯುತ್ತದೆ. ಇಲ್ಲವಾದರೆ ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು.

ಇವರು ಒಪ್ಪಿ ಬಂದರು.

ಕೊಯ್ಲು ಶುರುವಾಯಿತು. ಎಸ್ಟೇಟೆಲ್ಲ ಹಣ್ಣಿನ ಸಿಪ್ಪೆಯ ಹುಳಿವಾಸನೆ. ಬೆಳಗ್ಗೆ ಆಳುಗಳು ತೋಟಕ್ಕೆ ಇಳಿಯುವ ಮೊದಲೇ ನಾವು ರಸ್ತೆಗೆ ಇಳಿಯುತ್ತಿದ್ದೆವು. ಸಮತಟ್ಟು ದಾರಿಯಲ್ಲಿ, ಇಳಿಜಾರಿನಲ್ಲಿ ಆ ಗಾಡಿ ಹೋಗುವುದನ್ನು ನೋಡಬೇಕು! ಎದುರುಗಾಳಿ ಅದಕ್ಕೆ ತಾಗುತ್ತಲೇ ಇರಲಿಲ್ಲ. ಗಾಳಿಯ ಅಡಿಯಲ್ಲಿ ನುಸುಳಿಕೊಂಡು ಹೋಗುತ್ತಿತ್ತು. ಕಷ್ಟವೆಲ್ಲ ಏರಿನಲ್ಲಿ. ಬೇರೆ ಸೈಕಲ್ಲಾದರೆ ಎದ್ದು ನಿಂತು ಮೈಭಾರ ಹಾಕಿ ತುಳಿಯಬಹುದು. ಇದರಲ್ಲಿ ಬೆನ್ನನ್ನು ಸೀಟಿಗೆ ಒತ್ತಿ ಕಾಲಿನಿಂದಲೇ ನೂಕಬೇಕು. ಆ ಒತ್ತುವ ಜಾಗ ಇವರ ಏಟು ಬಿದ್ದ ಜಾಗವೇ.

ಇವರು ಹೇಳಲಿಲ್ಲ. ಸಂಕ್ರಾಂತಿ ಕಳೆಯುವವರೆಗೂ ಹಲ್ಲು ಕಚ್ಚಿ ಹತ್ತಿದರು. ಒಂದು ಬೆಳಗ್ಗೆ ಹಳ್ಳದಿಂದ ಎಸ್ಟೇಟು ಗೇಟಿಗೆ ಬರುವ ಏರಿನಲ್ಲಿ ಗಾಡಿ ನಿಂತುಬಿಟ್ಟಿತು. ಓಡಿಹೋಗಿ ನೋಡಿದರೆ ಮುಖದಲ್ಲಿ ರಕ್ತವೇ ಇಲ್ಲ. ತುಟಿ ಕಚ್ಚಿ ಗಾಯ ಮಾಡಿಕೊಂಡಿದ್ದರು. ಇಬ್ರಾಹಿಂ ಸಾಹೇಬರೂ ನಾನೂ ಎತ್ತಿ ಹುಲ್ಲಿನ ಮೇಲೆ ಮಲಗಿಸಿದೆವು. ಇವರು ಆಕಾಶ ನೋಡುತ್ತಲೇ, "ನನ್ನ ಕೈಲಾಗಲ್ಲ" ಅಂದರು.

ಬಿದ್ದ ದಿನವೂ ಆ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ. ಸಾಹೇಬರು ಮುಖ ಆ ಕಡೆ ತಿರುಗಿಸಿಕೊಂಡು ಚೈನು ಒರೆಸತೊಡಗಿದರು.

"ಹಂಗಾದ್ರೆ ನಾನು ಹೋಗ್ತೀನಿ" ಅಂದೆ.

ಅದೇನು ಸಣ್ಣ ಮಾತಲ್ಲ. ಮೂಡಿಗೆರೆ ಸಂತೆಗೆ ಒಬ್ಬಳೇ ಹೋಗದ ಹೆಂಗಸು ನಾನು. ಅಷ್ಟು ಗಂಡಸರ ನಡುವೆ, ಇಡೀ ತಾಲೂಕು ನೋಡುವಾಗ, ಮಲಗಿದ ಹಾಗೆ ಕೂತು ರಸ್ತೆಯಲ್ಲಿ ಹೋಗುವುದು. ಆದರೆ ಕಳಸದ ಗುಡ್ಡದಲ್ಲಿ ಸೌದೆ ಹೊರೆ ಹೊತ್ತು ಹತ್ತಿ ಇಳಿದ ಕಾಲು ನನ್ನದು. ಆ ಏರನ್ನು ಇವರಿಗಿಂತ ಸಲೀಸಾಗಿ ನಾನು ಹತ್ತುತ್ತೇನೆಂದು ಮೂವರಿಗೂ ಆಗಲೇ ಗೊತ್ತಿತ್ತು, ಹೇಳಿರಲಿಲ್ಲ ಅಷ್ಟೇ.

ಇವರು ಕಣ್ಣು ಮುಚ್ಚಿದರು, ತೆರೆದರು. ಆಮೇಲೆ ಹೇಳಿದರು: "ಏರು ಹತ್ತುವಾಗ ನೀನು ಹ್ಯಾಂಡಲ್ ಬಿಗಿಯಾಗಿ ಹಿಡೀತೀಯ. ಅದನ್ನ ಮೊದ್ಲು ಬಿಡಿಸ್ಬೇಕು."

ಅದೇ ಒಪ್ಪಿಗೆ.

ಅವತ್ತಿನಿಂದ ಇವರು ಗುರು, ನಾನು ಶಿಷ್ಯೆ. ಇಷ್ಟು ಕಟ್ಟುನಿಟ್ಟಿನ ಮನುಷ್ಯನ ಜೊತೆ ಮದುವೆಯಾಗಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಹಳ್ಳದ ಏರನ್ನು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಇವರು ಕೋಲು ಊರಿಕೊಂಡು ಮೇಲೆ ನಿಂತು ಕೂಗುತ್ತಿದ್ದರು. "ಒದೀಬೇಡ, ತಿರುಗ್ಸು! ಕಾಲು ಗಾಣದ ಎತ್ತಿನಂಗೆ ಒಂದೇ ಸಮ ಹೋಗ್ಬೇಕು." "ಕಣ್ಣು ಪಾದದ ಮೇಲೆ ಬೇಡ, ದೂರ ಇಡು. ಕಣ್ಣು ಹೋದ ಕಡೆ ಚಕ್ರ ಹೋಗುತ್ತೆ." ನಿಧಾನವಾಗಿ ಹತ್ತುವಾಗ ಮುಂದಿನ ಚಕ್ರ ತೂರಾಡುತ್ತದೆ. ಆಗ ಹ್ಯಾಂಡಲನ್ನು ಹಕ್ಕಿಮರಿ ಹಿಡಿದಂತೆ ಸಡಿಲ ಹಿಡಿಯಬೇಕು. ಅದು ಬರಲು ಒಂದು ತಿಂಗಳು ಬೇಕಾಯಿತು.

ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಗಾಲಿಯ ವಿಷಯಕ್ಕೆ ಇವರಿಗೂ ಇಬ್ರಾಹಿಂ ಸಾಹೇಬರಿಗೂ ಜಗಳವೇ ಆಯಿತು. ಚಿಕ್ಕ ಹಲ್ಲುಗಾಲಿ ಹಾಕಿದರೆ ಸಮತಟ್ಟು ರಸ್ತೆಯಲ್ಲಿ ಬಾಣದ ಹಾಗೆ ಹೋಗಬಹುದು, ಓಟಗಾರರೆಲ್ಲ ಹಾಕುವುದು ಅದನ್ನೇ ಎಂದು ಇವರು. ದೊಡ್ಡದು ಹಾಕಬೇಕು, ಏರಿನಲ್ಲಿ ಹಗುರಾಗುತ್ತದೆ ಎಂದು ಅವರು. ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿದರು. "ಇಳಿಜಾರಲ್ಲಿ ಗಾಡಿ ತಾನೇ ಹೋಗುತ್ತೆ ತಂಗಿ, ಕಾಲೇ ಬೇಡ. ಏರಲ್ಲಿ ನಿನಗೆ ಯಾರಿದ್ದಾರೆ?" ನಾನು ದೊಡ್ಡದೇ ಇರಲಿ ಅಂದೆ. ಇವರು ಅವತ್ತೆಲ್ಲ ಮಾತಾಡಲಿಲ್ಲ. ಮಾರನೆಯ ಬೆಳಗ್ಗೆ ನಾನು ಏರು ಮುಗಿಸಿ ಮೇಲೆ ಬಂದಾಗ, "ಸಾಹೇಬ್ರು ಹೇಳಿದ್ದೇ ಸರಿ" ಅಂದರು.

ಅತ್ತೆ ಆ ತಿಂಗಳೆಲ್ಲ ನನ್ನ ಜೊತೆ ಮಾತು ಬಿಟ್ಟಿದ್ದರು. ಲೈನಿನ ಹೆಂಗಸರು ಬೇಲಿಯಾಚೆ ನಿಂತು ನಗುತ್ತಿದ್ದರು. ಓಟದ ಮುನ್ನಾದಿನ ಗಾಡಿಯನ್ನು ಬಸ್ಸಿನ ಮೇಲೆ ಕಟ್ಟಿ ಚಿಕ್ಕಮಗಳೂರಿಗೆ ಹೋಗುವುದಿತ್ತು. ನಾನು ಕಚ್ಚೆ ಉಡುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬಂದು, ನಾನು ಸಿಕ್ಕಿಸಿದ್ದನ್ನು ಎಳೆದು ಬಿಚ್ಚಿ, "ಇಷ್ಟು ಸಡಿಲ ಕಟ್ಟಿದ್ರೆ ಚೈನಿಗೆ ಸಿಕ್ಕಂಬುಡುತ್ತೆ" ಅಂತ ಸೊಂಟಕ್ಕೆ ಮೊಣಕಾಲು ಒತ್ತಿ ಬಿಗಿದರು. "ನಾಳೆನೂ ಹಿಂಗೇ ಕಟ್ಕ" ಅಂದು ಒಳಗೆ ಹೋದರು.

ಚಿಕ್ಕಮಗಳೂರಿನಲ್ಲಿ ಇಬ್ರಾಹಿಂ ಸಾಹೇಬರ ಅಕ್ಕನ ಮನೆಯಲ್ಲಿ ಉಳಿದೆವು. ಬೆಳಗ್ಗೆ ಓಟ ಹೊರಡುವ ಜಾಗಕ್ಕೆ ಹೋದಾಗ ಜನ ನಮ್ಮನ್ನು ನೋಡಿ ದಾರಿ ಬಿಟ್ಟರು. ಮರ್ಯಾದೆಗಲ್ಲ, ಗಾಡಿ ನೋಡುವುದಕ್ಕೆ. ಗಾಡಿಯ ಮೇಲೆ ಕೂರುವವಳು ನಾನೆಂದು ತಿಳಿದ ಮೇಲೆ ಗದ್ದಲವೇ ಎದ್ದಿತು. ಓಟ ನಡೆಸುವ ಪ್ಲಾಂಟರೊಬ್ಬರು, "ಇದು ಸೈಕಲ್ಲೇ ಅಲ್ಲ. ಮೇಲಾಗಿ ಹೆಂಗಸು. ಸಾಧ್ಯವೇ ಇಲ್ಲ" ಅಂದರು.

ನಮ್ಮ ದೊರೆ ಅಲ್ಲೇ ನಿಂತಿದ್ದ. ಅವನ ಮುಖವೂ ಕೆಂಪಾಗಿತ್ತು. "ಮಂಜಪ್ಪ, ನಾನು ಒಪ್ಪಿದ್ದು ನಿನ್ನ ಜೊತೆ."

"ನೀವು ಮೆಷಿನ್ ಅಂದ್ರಿ ಸರ್" ಅಂದರು ಇವರು. ಕೋಲು ಬಿಟ್ಟು ನೆಟ್ಟಗೆ ನಿಂತಿದ್ದರು. "ಮೆಷಿನ್ ಬಸ್ಸಿಗಿಂತ ಮುಂಚೆ ಬರಬೇಕು ಅಂದ್ರಿ. ಯಾರು ಕೂರಬೇಕು ಅಂತ ಹೇಳ್ಲಿಲ್ಲ."

ದೊರೆ ಇವರನ್ನೂ ನನ್ನನ್ನೂ ನೋಡಿದ. ನಾನು ತಲೆ ತಗ್ಗಿಸಬಾರದೆಂದು ಹಟ ಹಿಡಿದು ಅವನ ಟೋಪಿಯನ್ನೇ ನೋಡಿದೆ. ಆಮೇಲೆ ಆ ಪ್ಲಾಂಟರನ್ನು ಕರೆದುಕೊಂಡು ಹೋಗಿ ಇಂಗ್ಲಿಷಿನಲ್ಲಿ ಏನೋ ಮಾತಾಡಿದ. ತೀರ್ಮಾನ ಇಷ್ಟು: ನಾನು ಎಲ್ಲರೂ ಹೊರಟ ಮೇಲೆ ಹೊರಡಬೇಕು. ಗೆದ್ದವರ ಲೆಕ್ಕದಲ್ಲಿ ನನ್ನನ್ನು ಸೇರಿಸುವುದಿಲ್ಲ.

ಇವರನ್ನೂ ಸಾಹೇಬರನ್ನೂ ದೊರೆ ತನ್ನ ಕಾರಿನಲ್ಲಿ ಕರೆದುಕೊಂಡು ಮುಂದೆ ಹೋಗುವುದೆಂದಾಯಿತು. ಹತ್ತುವ ಮೊದಲು ಇವರು ಬಗ್ಗಿ ಬ್ರೇಕನ್ನು ಒತ್ತಿ ನೋಡಿದರು. "ಕೊನೇ ಇಳಿಜಾರಲ್ಲಿ, ನಾನು ಬಿದ್ದ ತಿರುವಲ್ಲಿ, ಬ್ರೇಕ್ ಬಿಡ್ಬೇಡ. ಏನೇ ಆಗ್ಲಿ, ಬಿಡ್ಬೇಡ" ಅಂದರು.

ಕೊಂಬು ಊದಿದರು. ಓಟಗಾರರೆಲ್ಲ ಧೂಳೆಬ್ಬಿಸಿಕೊಂಡು ಹೋದರು. ಆ ಧೂಳು ಕೂರುವವರೆಗೂ ನನ್ನನ್ನು ನಿಲ್ಲಿಸಿದ್ದರು. ಆಮೇಲೆ ಯಾರೋ "ಹೂಂ" ಅಂದರು.

ಊರು ದಾಟುವವರೆಗೆ ಹುಡುಗರು ಕೂಗುತ್ತ ಜೊತೆಗೆ ಓಡಿ ಬಂದರು. ಊರಾಚೆ ರಸ್ತೆ ಬಿಚ್ಚಿಕೊಂಡ ಮೇಲೆ ನಾನು, ಗಾಡಿ, ಚೈನಿನ ಸದ್ದು ಇಷ್ಟೇ. ಹಿಂದಿನ ದಿನ ಸಂಜೆ ಕಾಫಿ ಅರಳಿಸುವ ಹೂಮಳೆ ಹನಿದಿತ್ತು, ರಸ್ತೆ ತಂಪಾಗಿ ಗಟ್ಟಿಯಾಗಿತ್ತು. ಒದೆಯಬೇಡ, ತಿರುಗಿಸು ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ತುಳಿದೆ. ಹಿಂದುಳಿದಿದ್ದ ಒಬ್ಬೊಬ್ಬರೇ ಸಿಕ್ಕರು. ಅವರು ಮೇಲೆ, ನಾನು ಕೆಳಗೆ. ಬಗ್ಗಿ ನೋಡುವಷ್ಟರಲ್ಲಿ ದಾಟಿಬಿಟ್ಟಿರುತ್ತಿದ್ದೆ. ಒಬ್ಬ ಕೆಟ್ಟ ಮಾತು ಆಡಿದ, ಇನ್ನೊಬ್ಬ ಶಿಳ್ಳೆ ಹಾಕಿದ. ಯಾರಿಗೂ ಉತ್ತರ ಕೊಡುವಷ್ಟು ಉಸಿರನ್ನು ನಾನು ಖರ್ಚು ಮಾಡಲಿಲ್ಲ.

ಆಲ್ದೂರು ದಾಟಿದ ಮೇಲೆ ಎದುರಿನಿಂದ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೇರಿದ್ದ ಎತ್ತಿನಗಾಡಿಗಳು ಬಂದವು. ನೆಲಕ್ಕಂಟಿಕೊಂಡು ಬರುತ್ತಿದ್ದ ನನ್ನನ್ನು ಕಂಡು ಮುಂದಿನ ಎತ್ತು ಬೆದರಿ ಅಡ್ಡ ತಿರುಗಿತು. ಬ್ರೇಕು ಹಿಡಿದು ಚರಂಡಿಯ ಕಡೆ ಎಳೆದೆ. ನನ್ನ ಗಾಡಿ ಮಗುಚಿತು. ಭುಜ ಉರಿಯಿತು, ಚೈನು ಹಲ್ಲಿನಿಂದ ಕಳಚಿ ನೇತಾಡಿತು. ಗಾಡಿಯವನು ಇಳಿದು ಬಂದು "ಅಯ್ಯೋ, ಹೆಣ್ಣೆಂಗ್ಸು!" ಅಂತ ಗಾಬರಿಯಾದ.

"ಎತ್ತು ಹಿಡ್ಕಳಪ್ಪ, ನನಗೇನಾಗಿಲ್ಲ" ಅಂದೆ. ಚೈನು ಹಾಕುವುದನ್ನು ಸಾಹೇಬರು ಕಣ್ಣು ಮುಚ್ಚಿಕೊಂಡು ಮಾಡಿಸಿ ಕಲಿಸಿದ್ದರು. ಈಗ ಕಣ್ಣು ತೆರೆದುಕೊಂಡೇ ಹಾಕಲು ಹೋದೆ. ಎರಡು ಸಲ ಜಾರಿತು, ಮೂರನೆಯದಕ್ಕೆ ಕೂತಿತು. ಮಸಿಗೈಯನ್ನು ಶರ್ಟಿಗೆ ಒರೆಸಿಕೊಂಡು ಹೊರಟೆ. ಹೋದ ಹೊತ್ತು ಹೋಯಿತು. ಅದನ್ನು ಮತ್ತೆ ಗಳಿಸಬೇಕಾಗಿದ್ದದ್ದು ಏರಿನಲ್ಲಿ.

ಹ್ಯಾಂಡ್‌ಪೋಸ್ಟಿನ ಆ ಏರಿಗೆ ಬಂದಾಗ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಅರ್ಧ ಹತ್ತಿರಬೇಕು, ಹಿಂದಿನಿಂದ ಗೊರಗೊರ ಸದ್ದು ಕೇಳಿಸಿತು. ಟಪಾಲು ಬಸ್ಸು! ತಿರುಗಿ ನೋಡುವ ಹಾಗಿಲ್ಲ, ನೋಡಿದರೆ ಚಕ್ರವೂ ಆ ಕಡೆಗೇ ಹೋಗುತ್ತದೆ. ಸದ್ದು ಹತ್ತಿರ ಹತ್ತಿರ ಬಂತು. ಬೆನ್ನನ್ನು ಕ್ಯಾನ್ವಾಸಿಗೆ ಒತ್ತಿ ತೊಡೆ ಸೀಳಿಹೋಗುವ ಹಾಗೆ ನೂಕಿದೆ. ಹ್ಯಾಂಡಲ್ ಮಾತ್ರ ಸಡಿಲ, ಕಣ್ಣು ಮಾತ್ರ ದೂರ. ಬಸ್ಸು ನನ್ನ ಪಕ್ಕಕ್ಕೆ ಬಂತು. ಅದರ ಚಕ್ರ ನನ್ನ ತಲೆಯ ಎತ್ತರಕ್ಕಿತ್ತು. ಕಿಟಕಿಗಳಲ್ಲಿ ಮುಖಗಳು. ಬಿಸಿ ಹೊಗೆ, ಪೆಟ್ರೋಲಿನ ನಾತ. ಆಮೇಲೆ ಅದರ ಬೆನ್ನು ಕಂಡಿತು. ಬೆನ್ನಿಗೆ ಕಟ್ಟಿದ್ದ ಟಪಾಲು ಚೀಲಗಳು ಕಂಡವು.

ಅಳು ಬಂತು. ಕಾಲು ನಿಲ್ಲಿಸಲಿಲ್ಲ. ಏರಿನ ತುದಿಯಲ್ಲಿ ಬಸ್ಸು ಮರೆಯಾದ ಮೇಲೂ ಅದೇ ಸಮ ತಿರುಗಿಸುತ್ತ ಹತ್ತಿದೆ. ಬಸ್ಸಿಗೂ ನನಗೂ ಇದ್ದ ದೂರ ದೊಡ್ಡದೇನಲ್ಲ, ಇನ್ನು ಕೊನೆಯ ಇಳಿಜಾರು ಉಂಟು ಅಂದುಕೊಂಡೆ.

ಮೂಡಿಗೆರೆಗೆ ಇಳಿಯುವ ದಾರಿ ಆಗ ಕಿರಿದು, ಒಂದು ಕಡೆ ಗೋಡೆಯಂಥ ಮಣ್ಣಿನ ದರೆ, ಇನ್ನೊಂದು ಕಡೆ ಕಾಫಿ ತೋಟದ ಇಳುಕಲು. ಬಸ್ಸು ಅಲ್ಲಿ ಬ್ರೇಕು ಹಾಕುತ್ತ, ಹಾರನ್ ಹೊಡೆಯುತ್ತ, ಮೆಲ್ಲಗೆ ಇಳಿಯುತ್ತಿತ್ತು. ನಾನು ಕಾಲು ನಿಲ್ಲಿಸಿ ಗಾಡಿಯನ್ನು ಬಿಟ್ಟೆ. ಗಾಳಿ ಕಿವಿಯಲ್ಲಿ ಕೂಗಿತು. ನೋಡನೋಡುತ್ತ ಬಸ್ಸಿನ ಬೆನ್ನು ದೊಡ್ಡದಾಯಿತು. ಇವರು ಬಿದ್ದ ತಿರುವು ಮುಂದೆ ಕಂಡಿತು. ತಿರುವಿನಲ್ಲಿ ಬಸ್ಸು ಒಳಗಿನ ದರೆಯ ಕಡೆಗೆ ಸರಿಯಿತು. ಹೊರಗಿನ ಅಂಚಿನಲ್ಲಿ ಒಂದು ಗಾಡಿ ನುಸುಳುವಷ್ಟು ಜಾಗ ಬಿಟ್ಟುಕೊಂಡಿತು. ನನ್ನ ಬೆರಳುಗಳು ಬ್ರೇಕಿನ ಮೇಲಿದ್ದವು. ಒತ್ತಿದರೆ ಬಸ್ಸಿನ ಹಿಂದೆಯೇ ಊರು ಸೇರುತ್ತಿದ್ದೆ, ಕ್ಷೇಮವಾಗಿ.

ನಾನು ಬೆರಳು ತೆಗೆದೆ.

ಹೆದರಿಕೆ ಇರಲಿಲ್ಲ ಅಂತಲ್ಲ. ಕಣ್ಣನ್ನು ಮಾತ್ರ ತಿರುವಿನ ಆಚೆಯ ನೆಟ್ಟಗಿನ ರಸ್ತೆಯ ಮೇಲೆ ಇಟ್ಟೆ. ಗಾಡಿ ಒಳಕ್ಕೆ ವಾಲಿತು. ಬಸ್ಸಿನ ಬಿಸಿ ಒಮ್ಮೆ ಕೆನ್ನೆಗೆ ತಾಗಿತು. ಒಂದು ಕಲ್ಲು ಚಕ್ರದಡಿ ಸಿಡಿಯಿತು. ಆಮೇಲೆ ಮುಂದೆ ಏನೂ ಇರಲಿಲ್ಲ, ಬರೀ ರಸ್ತೆ. ಹಿಂದಿನಿಂದ ಡ್ರೈವರು ಬಾಯಿಗೆ ಬಂದಂತೆ ಬೈಯುವುದು ಕೇಳಿಸಿತು.

ಅಂಚೆ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ ಇಳಿಯಲು ಹೋದರೆ ಕಾಲು ನಿಲ್ಲಲಿಲ್ಲ. ಇಬ್ರಾಹಿಂ ಸಾಹೇಬರು ಗಾಡಿ ಹಿಡಿದುಕೊಂಡರು. ಇವರು ನನ್ನ ತೋಳು ಹಿಡಿದರು. ಅಷ್ಟು ಜನರ ಎದುರಿಗೆ ಇವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಾವು ಹಾಗೆ ನಿಂತಿರುವಾಗ ಬಸ್ಸು ಬಂದು ನಿಂತಿತು.

"ತಿರುವಲ್ಲಿ ಬ್ರೇಕ್ ಹಿಡಿದ್ಯಾ?" ಅಂತ ಇವರು ಕಿವಿಯಲ್ಲಿ ಕೇಳಿದರು.

"ಇಲ್ಲ" ಅಂದೆ.

ಇವರು ಹಿಡಿದ ತೋಳನ್ನು ಇನ್ನಷ್ಟು ಬಿಗಿ ಹಿಡಿದರು.

ಓಟ ಗೆದ್ದವನು ಪಕ್ಕದ ಎಸ್ಟೇಟಿನ ಟಪಾಲಿನ ಲೂಯಿಸ್. ನನಗಿಂತ ಬಹಳ ಮುಂಚೆಯೇ ಬಂದು ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಕಬ್ಬಿನ ಹಾಲು ಕುಡಿಯುತ್ತಿದ್ದ. ನನ್ನ ಹೆಸರನ್ನು ಯಾರೂ ಕೂಗಲಿಲ್ಲ. ದೊರೆ ಬಂದು ಇವರ ಕೈ ಕುಲುಕಿದ. "ಮಾತು ಅಂದರೆ ಮಾತು. ಕೆಲಸ ನಿನ್ನದು, ಮಂಜಪ್ಪ."

"ನನ್ನ ಕೈಲಿ ಏರು ಹತ್ತಕ್ಕಾಗಲ್ಲ ಸರ್" ಅಂದರು ಇವರು. "ಕೆಲಸ ಅವಳದು."

ದೊರೆ ಪೈಪನ್ನು ಬಾಯಿಂದ ತೆಗೆದ. "ಹೆಂಗಸು ಟಪಾಲು ತರುವುದು ಎಲ್ಲೂ ಇಲ್ಲ."

ಅಷ್ಟು ಹೊತ್ತೂ ನಾನು ಅವನೆದುರು ಒಂದು ಮಾತೂ ಆಡಿರಲಿಲ್ಲ. "ಇವತ್ತಿನ ಟಪಾಲು ಬಸ್ಸಿಂದ ಈಗ ಇಳಿತಾ ಉಂಟು ಸರ್" ಅಂದೆ. "ಬ್ಯಾಗ್ ಕೊಡಿ. ನಿಮ್ಮ ಊಟಕ್ಕೆ ಮುಂಚೆ ಬಂಗಲೆಗೆ ಮುಟ್ಟಿಸ್ತೀನಿ. ಮುಟ್ಟಿಸದಿದ್ರೆ ಬೇರೆಯವರನ್ನ ನೋಡ್ಕಳಿ."

ಬ್ಯಾಗು ಕೊಟ್ಟರು. ಹೆಗಲ ಗಾಯಕ್ಕೆ ಪಟ್ಟಿ ಉಜ್ಜುತ್ತಿತ್ತೆಂದು ಅದನ್ನು ಸೀಟಿನ ಹಿಂದೆ ಕಟ್ಟಿಕೊಂಡು ಹೊರಟೆ. ದೇವರಮನೆ ದಾರಿಯ ಏರುಗಳಲ್ಲಿ ಹೇಗೆ ಹತ್ತಿದೆನೋ ಈಗ ನೆನಪಿಲ್ಲ. ಬಂಗಲೆಯ ಬಟ್ಲರು ಇನ್ನೂ ಮೇಜಿನ ಮೇಲೆ ತಟ್ಟೆ ಇಡುತ್ತಿದ್ದ, ಅಷ್ಟು ನೆನಪಿದೆ.

ಮುಂದೆ ಎಸ್ಟೇಟಿಗೆ ವ್ಯಾನು ಬರುವವರೆಗೂ ನಾನೇ ಟಪಾಲು ತಂದೆ. ಇವರಿಗೆ ಸ್ಟೋರಿನಲ್ಲಿ ನಿಂತು ಮಾಡುವ ಕೆಲಸ ಸಿಕ್ಕಿತು. ಮಾರನೆಯ ವರ್ಷದ ಓಟಕ್ಕೆ, ಸೀಟು ಪೆಡಲಿಗಿಂತ ಮೇಲಿರಬೇಕು ಅಂತ ಹೊಸ ನಿಯಮ ಮಾಡಿದರಂತೆ. ಇಬ್ರಾಹಿಂ ಸಾಹೇಬರು ಅದನ್ನು ಕೇಳಿ ಬಹಳ ಬೇಜಾರು ಮಾಡಿಕೊಂಡರು. ಇವರು ಮಾತ್ರ 'ಸೋತು ಹೋಗೋ ಸೈಕಲ್ ಆಗಿದ್ರೆ ಹೊರಗೆ ಹಾಕ್ತಿದ್ರಾ?' ಅಂತ ಖುಷಿಯಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಆದರೆ ನನಗೆ ಓಟದ ದಿನಕ್ಕಿಂತ ಹೆಚ್ಚು ನೆನಪಿರುವುದು ಅದಾದ ಮೇಲಿನ ಸೋಮವಾರ. ಆವತ್ತು ಜನ, ಗದ್ದಲ ಒಂದೂ ಇಲ್ಲ. ಅಂಚೆ ಕಚೇರಿಯ ಜಗಲಿಯ ಬೆಂಚಿನ ಮೇಲೆ ಎಲ್ಲ ಎಸ್ಟೇಟುಗಳ ಟಪಾಲಿನವರು ಸಾಲಾಗಿ ಕೂತು, ಚೀಲ ಬಿಚ್ಚುವುದನ್ನು ಕಾಯುತ್ತ ಬೀಡಿ ಸೇದುತ್ತಿದ್ದರು. ನಾನು ಗಾಡಿಯನ್ನು ಗೋಡೆಗೆ ಒರಗಿಸಿ, ಖಾಲಿ ಬ್ಯಾಗು ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತೆ. ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ರಸ್ತೆಯ ಕಡೆಗೇ ನೋಡುತ್ತಿದ್ದೆ. ಬೆಂಚು ಕಿರುಗುಟ್ಟಿತು. ತಿರುಗಿದರೆ ಲೂಯಿಸ್ ಬೀಡಿ ಎಸೆದು, ಪಕ್ಕದವನನ್ನು ಮೊಣಕೈಯಲ್ಲಿ ತಿವಿದು ಜರುಗಿ ಕೂರುತ್ತಿದ್ದ. ಅವನ ಪಕ್ಕದವನು 'ಏನಿದು' ಅನ್ನುವ ಹಾಗೆ ನೋಡಿ ತಾನೂ ಜರುಗಿದ. ಅದರಾಚೆಯವನೂ ಜರುಗಿದ.

"ಕೂತ್ಕಳಿ ಅಕ್ಕ" ಅಂದ ಲೂಯಿಸ್. "ಚೀಲದ ಸೀಲ್ ಇನ್ನೂ ಒಡೆದಿಲ್ಲ."

ನಾನು ಹೋಗಿ ಕೂತೆ.